ಕೆರೆಯ ನೀರಿಗೂ ಹೊತ್ತುಗೊತ್ತು: ನಗರದ ಜಲಮೂಲಗಳ ಮಾಲಿನ್ಯ ಅಳೆಯುವ ಬಗೆ

ಬೆಳಗಿನ ಜಾವ ಕೆರೆಯ ದಂಡೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ನೀರಿನಂಚಿನ ಬೆಳ್ಳಗಿನ ಒಂದು ಗೆರೆ. ಹತ್ತಿರ ಹೋದರೆ ಅದು ಸತ್ತ ಮೀನು. ನೂರಾರು, ಕೆಲವೊಮ್ಮೆ ಸಾವಿರಾರು ಮೀನು ಹೊಟ್ಟೆ ಮೇಲಾಗಿ ತೇಲಿ, ಗಾಳಿ ಬೀಸಿದ ಕಡೆಗೆ ಸರಿದು, ದಂಡೆಯ ಕಲ್ಲುಗಳಿಗೆ ಒತ್ತಿಕೊಂಡಿರುತ್ತವೆ. ಸುದ್ದಿ ಹಬ್ಬುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಯಾರೋ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ. ವಾರ ಕಳೆದು ವರದಿ ಬರುತ್ತದೆ: ಕರಗಿದ ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ. ಹೆಚ್ಚಿನ ಮೀನುಗಳಿಗೆ 5 ಇದ್ದರೆ ಸಾಕು. ಹಾಗಾದರೆ ಸತ್ತದ್ದೇಕೆ? ಯಾರೋ ವಿಷ ಬೆರೆಸಿರಬೇಕು ಎಂಬ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ವರದಿಯಲ್ಲಿ ಸುಳ್ಳಿಲ್ಲ. ಲ್ಯಾಬಿನವರೂ ತಪ್ಪು ಮಾಡಿಲ್ಲ. ಹನ್ನೊಂದು ಗಂಟೆಗೆ ಆ ನೀರಿನಲ್ಲಿ ನಿಜಕ್ಕೂ 9 ಮಿಲಿಗ್ರಾಂ ಇತ್ತು. ನಸುಕಿನ ನಾಲ್ಕಕ್ಕೆ ಎಷ್ಟಿತ್ತು ಎಂದು ಅಳೆದವರು ಮಾತ್ರ ಯಾರೂ ಇರಲಿಲ್ಲ.

ನಗರದ ಕೆರೆ, ಹೊಳೆ, ಕಾಲುವೆಗಳ ಮಾಲಿನ್ಯ ಅಳೆಯುವ ಕೆಲಸದ ಬಗ್ಗೆ ಒಂದೇ ಒಂದು ಮಾತು ಹೇಳು ಎಂದರೆ ನಾನು ಹೇಳುವುದು ಇದನ್ನು: ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ ತೆಗೆದ ನೀರು ಎಂದು ಬರೆಯದ ಸಂಖ್ಯೆ ಅರ್ಧ ಸಂಖ್ಯೆ. ಉಪಕರಣ ಎಷ್ಟೇ ದುಬಾರಿಯದಾಗಿರಲಿ, ಉಳಿದರ್ಧವನ್ನು ಅದು ತುಂಬಿಕೊಡಲಾರದು.

ಹಗಲು ಉಬ್ಬುವ, ಇರುಳು ಕುಗ್ಗುವ ಉಸಿರು

ಶುದ್ಧ ನೀರು ತನ್ನಷ್ಟಕ್ಕೆ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಬಹಳ ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಗೆ ಏರಿದರೆ ಏಳೂವರೆ. ನೀರು ಬೆಚ್ಚಗಾದಷ್ಟೂ ಆಮ್ಲಜನಕ ಕಡಿಮೆ. ಅದೇ ಬಿಸಿಯಲ್ಲಿ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾಗುವುದು ಮಾತ್ರ ಹೆಚ್ಚು. ಬೇಸಿಗೆಯಲ್ಲಿ ಕೆರೆಗಳು ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ.

ಕೊಳಚೆ ನೀರು ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಈ ಲೆಕ್ಕ ದಿನಕ್ಕೊಂದು ಸಲ ತಲೆಕೆಳಗಾಗುತ್ತದೆ. ಬಿಸಿಲೇರುತ್ತಿದ್ದಂತೆ ಪಾಚಿ ಆಮ್ಲಜನಕ ಬಿಡಲು ತೊಡಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೇಲ್ಪದರದಲ್ಲಿ 15 ಮಿಲಿಗ್ರಾಂ ದಾಟುವುದೂ ಉಂಟು. ಅಂದರೆ ನೀರು ಸಹಜವಾಗಿ ಹಿಡಿಯಬಲ್ಲದ್ದರ ಹೆಚ್ಚುಕಡಿಮೆ ಇಮ್ಮಡಿ. ಸೂರ್ಯ ಮುಳುಗಿದ ಮೇಲೆ ತಯಾರಿಕೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ಅದೇ ಪಾಚಿ, ಬ್ಯಾಕ್ಟೀರಿಯಾ, ಮೀನು, ತಳದ ಹೂಳು ಎಲ್ಲವೂ ಇರುಳಿಡೀ ಆಮ್ಲಜನಕ ಬಳಸುತ್ತವೆ. ನಸುಕಿನ ನಾಲ್ಕು, ಐದರ ಹೊತ್ತಿಗೆ ಗಂಟು ಕರಗಿರುತ್ತದೆ. ಮೋಡ ಕವಿದ ಎರಡು ದಿನ ಕಳೆದಿದ್ದರೆ ಅಥವಾ ಹಿಂದಿನ ಸಂಜೆ ಜೋರು ಮಳೆ ಬಂದು ಚರಂಡಿಯ ಕೊಳೆಯನ್ನೆಲ್ಲ ಕೆರೆಗೆ ದೂಡಿದ್ದರೆ ಸಂಖ್ಯೆ ಸೊನ್ನೆ ಮುಟ್ಟುತ್ತದೆ. 2ಕ್ಕಿಂತ ಕೆಳಗಿಳಿದರೇ ಹೆಚ್ಚಿನ ಮೀನುಗಳು ಬದುಕುವುದು ಕಷ್ಟ.

ಹೀಗಾಗಿ ಹಗಲಿನಲ್ಲಿ ಸಿಕ್ಕ 9 ಅಥವಾ 12 ಎಂಬ ಸಂಖ್ಯೆ ಕೆರೆಯ ಆರೋಗ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಹಸಿರು ನೀರಿನಲ್ಲಿ ಮಧ್ಯಾಹ್ನ ಆಮ್ಲಜನಕ ವಿಪರೀತ ಹೆಚ್ಚಿದ್ದರೆ ಅದನ್ನು ಜ್ವರದ ಲಕ್ಷಣವೆಂದೇ ಓದಬೇಕು. ಆರೋಗ್ಯವಾಗಿರುವ ಕೆರೆಯಲ್ಲಿ ಹಗಲಿಗೂ ಇರುಳಿಗೂ ನಡುವಿನ ಅಂತರ ಚಿಕ್ಕದು. ಒಂದು ಕೆರೆಯ ಸ್ಥಿತಿ ತಿಳಿಯಲು ನನಗೆ ಒಂದೇ ಅಳತೆಗೆ ಅವಕಾಶ ಕೊಟ್ಟರೆ, ಹದಿನೈದು ನಿಮಿಷಕ್ಕೊಮ್ಮೆ ಆಮ್ಲಜನಕ ದಾಖಲಿಸುವ ಪ್ರೋಬನ್ನು ಒಂದು ಪೂರ್ತಿ ಹಗಲು, ಒಂದು ಪೂರ್ತಿ ಇರುಳು ನೀರಿನಲ್ಲಿ ಬಿಡುತ್ತೇನೆ. ಹತ್ತು ಪುಟದ ವರದಿಗಿಂತ ಆ ಏರಿಳಿತದ ಗೆರೆ ಹೆಚ್ಚು ಹೇಳುತ್ತದೆ.

ಇದೇ ದಿನಚರಿ ಇನ್ನೊಂದು ಅಪಾಯವನ್ನೂ ಹೊತ್ತು ತರುತ್ತದೆ. ಬಿಸಿಲಿನಲ್ಲಿ ಪಾಚಿ ನೀರಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಎಂಬುದರ ಅಳತೆ, ಏರುತ್ತದೆ. ಬೆಳಿಗ್ಗೆ 7ರ ಆಸುಪಾಸಿನಲ್ಲಿದ್ದದ್ದು ಮಧ್ಯಾಹ್ನಕ್ಕೆ 9 ದಾಟಬಹುದು. ಕೊಳಚೆ ನೀರಿನಲ್ಲಿರುವ ಅಮೋನಿಯಾಕ್ಕೆ ಎರಡು ರೂಪ: ಅಮೋನಿಯಂ ಅಯಾನಾಗಿದ್ದರೆ ಮೀನಿಗೆ ಅಷ್ಟು ತೊಂದರೆಯಿಲ್ಲ, ಅನಿಲ ರೂಪದ ಅಮೋನಿಯಾ ಕಿವಿರುಗಳ ಮೂಲಕ ನೇರ ಮೈಸೇರಿ ಕೊಲ್ಲುತ್ತದೆ. 25 ಡಿಗ್ರಿಯ ನೀರಿನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಈ ವಿಷರೂಪದ ಪಾಲು ಶೇ. 1ಕ್ಕಿಂತ ಕಡಿಮೆ. ಪಿಎಚ್ 9ಕ್ಕೇರಿದರೆ ಅದೇ ಪಾಲು ಶೇ. 35ನ್ನು ದಾಟುತ್ತದೆ. ಹೊಸದಾಗಿ ಒಂದು ಹನಿ ಕೊಳಚೆ ಸೇರದಿದ್ದರೂ ಬೆಳಿಗ್ಗೆ ಸಹಿಸಬಹುದಾಗಿದ್ದ ನೀರು ಮಧ್ಯಾಹ್ನಕ್ಕೆ ವಿಷವಾಗುತ್ತದೆ. ವರದಿಯಲ್ಲಿ ‘ಅಮೋನಿಯಾ 2 ಮಿಲಿಗ್ರಾಂ’ ಎಂದಷ್ಟೇ ಇದ್ದು, ಅದೇ ಕ್ಷಣದ ಪಿಎಚ್ ಮತ್ತು ಉಷ್ಣಾಂಶ ಇಲ್ಲದಿದ್ದರೆ ಅದರಿಂದ ಅಪಾಯವನ್ನು ಲೆಕ್ಕ ಹಾಕಲು ಬರುವುದೇ ಇಲ್ಲ.

ಬಾಟಲಿ ತುಂಬುವ ಕೆಲಸ

ಸ್ಯಾಂಪಲ್ ತೆಗೆಯುವುದೆಂದರೆ ನೀರು ತುಂಬುವುದು, ಇದರಲ್ಲೇನಿದೆ ಎಂದುಕೊಳ್ಳುವವರೇ ಹೆಚ್ಚು. ನಾನು ಕಂಡಂತೆ ಅಳತೆ ಕೆಡುವುದು ಲ್ಯಾಬಿನ ಒಳಗಿಗಿಂತ ದಂಡೆಯ ಮೇಲೆ ಹೆಚ್ಚು.

ಕರಗಿದ ಆಮ್ಲಜನಕವನ್ನೇ ತೆಗೆದುಕೊಳ್ಳಿ. ಇದನ್ನು ರಾಸಾಯನಿಕವಾಗಿ ಅಳೆಯುವ ವಿಧಾನವನ್ನು ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದರು. ಇವತ್ತಿಗೂ ಸೆನ್ಸರ್‌ಗಳ ಸತ್ಯಪರೀಕ್ಷೆಗೆ ಬಳಸುವುದು ಅದನ್ನೇ. 300 ಮಿಲಿಲೀಟರಿನ ಗಾಜಿನ ಬಾಟಲಿ, ಅದಕ್ಕೆ ಉಜ್ಜಿ ಕೂರಿಸಿದ ಗಾಜಿನ ಬಿರಡೆ. ನೀರು ಗುಳುಗುಳು ಎನ್ನದಂತೆ, ತಳದಿಂದ ಮೆಲ್ಲಗೆ ಏರಿ ಬಾಯಿಯಿಂದ ಹೊರಚೆಲ್ಲುವಂತೆ ತುಂಬಬೇಕು. ಒಳಗೆ ಒಂದು ಗುಳ್ಳೆ ಉಳಿದರೂ ಅದರೊಳಗಿನ ಗಾಳಿ ನೀರಿಗೆ ಸೇರಿ ಲೆಕ್ಕ ಕೆಡುತ್ತದೆ. ದಂಡೆಯಲ್ಲಿ ನಿಂತೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಅಯೋಡೈಡ್ ಬೆರೆಸಿದ ಕ್ಷಾರ ಹಾಕಿ, ಬಿರಡೆ ಬಿಗಿದು ಬಾಟಲಿಯನ್ನು ನಾಲ್ಕಾರು ಬಾರಿ ಬುಡಮೇಲು ಮಾಡಬೇಕು. ಆಗ ಒಳಗೆ ಮೊಸರೊಡೆದಂತೆ ಒಂದು ಗಸಿ ಹುಟ್ಟುತ್ತದೆ. ಆ ಗಸಿ ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ.

ನಸುಕಿನಲ್ಲಿ ತೆಗೆದ ನೀರಿನಲ್ಲಿ ಆ ಬಿಳಿ ಗಸಿ ಕಂಡಾಗ ಯಾವ ವರದಿಗೂ ಕಾಯಬೇಕಾಗುವುದಿಲ್ಲ. ಆ ಕೆರೆಗೆ ಉಸಿರಿಲ್ಲ ಎಂಬುದು ಕೈಯಲ್ಲಿರುವ ಬಾಟಲಿಯಲ್ಲೇ ಕಾಣುತ್ತದೆ. ಕಂದು ಗಸಿಯಾದರೆ ಮುಂದಿನ ಹೆಜ್ಜೆ: ಗಂಧಕಾಮ್ಲ ಹಾಕಿ ಗಸಿ ಕರಗಿಸಿದರೆ ಆಮ್ಲಜನಕವಿದ್ದಷ್ಟೇ ಪ್ರಮಾಣದಲ್ಲಿ ಅಯೋಡಿನ್ ಹೊರಬಂದು ನೀರು ಹಳದಿಯಾಗುತ್ತದೆ. ಬ್ಯೂರೆಟ್ಟಿನಿಂದ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತ, ಬಣ್ಣ ತೆಳುವಾದಾಗ ಗಂಜಿಯ ದ್ರಾವಣ ಹಾಕಿದರೆ ಕಡುನೀಲಿ. ಆ ನೀಲಿ ಮಾಯವಾಗುವ ಹನಿಯೇ ಕೊನೆಯ ಹನಿ. ದ್ರಾವಣದ ಸಾಂದ್ರತೆ ಮತ್ತು ನೀರಿನ ಅಳತೆಯನ್ನು ಹೇಗೆ ಹೊಂದಿಸಿರುತ್ತಾರೆಂದರೆ, ಖರ್ಚಾದ ಒಂದೊಂದು ಮಿಲಿಲೀಟರ್ ಥಯೋಸಲ್ಫೇಟಿಗೆ ಲೀಟರಿಗೆ ಒಂದೊಂದು ಮಿಲಿಗ್ರಾಂ ಆಮ್ಲಜನಕ.

ಇದೇ ನೀರನ್ನು ಯಾವುದೋ ಪ್ಲಾಸ್ಟಿಕ್ ಬಾಟಲಿಯಲ್ಲಿ ಅರ್ಧ ತುಂಬಿ, ಗಾಡಿಯಲ್ಲಿ ಕುಲುಕಿಸಿಕೊಂಡು ಎರಡು ಗಂಟೆ ಕಳೆದು ಲ್ಯಾಬಿಗೆ ತಂದರೆ? ದಾರಿಯಲ್ಲಿ ಗಾಳಿ ಬೆರೆತು, ಸೊನ್ನೆ ಇದ್ದದ್ದು 4 ಆಗಿರುತ್ತದೆ. ಕುಲುಕದೆ ಮುಚ್ಚಿದ ಪೆಟ್ಟಿಗೆಯ ಕತ್ತಲಲ್ಲಿ ಬೆಚ್ಚಗಿಟ್ಟರೆ 4 ಇದ್ದದ್ದು ಸೊನ್ನೆಯ ಕಡೆಗೆ ಇಳಿದಿರುತ್ತದೆ.

ಒಂದೊಂದು ಪರೀಕ್ಷೆಗೂ ಒಂದೊಂದು ಪಥ್ಯ. ಬ್ಯಾಕ್ಟೀರಿಯಾ ಎಣಿಸಬೇಕಾದರೆ ಬೇಯಿಸಿ ಶುದ್ಧ ಮಾಡಿದ ಬಾಟಲಿ, ಮಂಜುಗಡ್ಡೆಯ ಪೆಟ್ಟಿಗೆ, ಆರೆಂಟು ಗಂಟೆಯೊಳಗೆ ಪರೀಕ್ಷೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳಿಗೆ ನೀರನ್ನು ಆಮ್ಲ ಹಾಕಿ ಹಿಡಿದಿಡಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೇ ಅಂಟಿಕೊಂಡು ಕಾಣೆಯಾಗುತ್ತದೆ. ಬರಿಯ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನೂ ಜೊತೆಗೆ ಒಯ್ದು ಅದನ್ನೂ ಪರೀಕ್ಷಿಸುತ್ತಾರೆ; ಅದರಲ್ಲಿ ಏನಾದರೂ ಸಿಕ್ಕಿತೆಂದರೆ ಕೊಳಕು ಬಂದದ್ದು ಕೆರೆಯಿಂದಲ್ಲ, ನಮ್ಮ ಕೈಯಿಂದ.

ಇನ್ನು ಜಾಗ. ದಂಡೆಯ ಮೆಟ್ಟಿಲ ಬಳಿ ಬಗ್ಗಿ ತುಂಬಿಕೊಂಡ ನೀರು ದಂಡೆಯ ನೀರು, ಅಷ್ಟೆ. ಗಾಳಿ ಪಾಚಿಯನ್ನೆಲ್ಲ ಒಂದು ಮೂಲೆಗೆ ತಳ್ಳಿರಬಹುದು. ಚರಂಡಿ ಸೇರುವ ಬಾಯಿ, ನಡುನೀರು, ಕೋಡಿ ಹರಿಯುವ ಕಡೆ ಈ ಮೂರನ್ನಾದರೂ ಬೇರೆಬೇರೆಯಾಗಿ ನೋಡಬೇಕು. ಆಳವನ್ನೂ ಬಿಡುವಂತಿಲ್ಲ. ಸಾಮಾನ್ಯವಾಗಿ ಮೇಲ್ಮೈಯಿಂದ 30 ಸೆಂಟಿಮೀಟರ್ ಕೆಳಗೆ ತೆಗೆಯುವ ರೂಢಿಯಿದೆ. ಆದರೆ ಬಿಸಿಲಿಗೆ ಮೇಲಿನ ನೀರು ಕಾದು ಹಗುರಾಗಿ, ತಳದ ತಣ್ಣನೆಯ ನೀರಿನ ಮೇಲೆ ಮುಚ್ಚಳದಂತೆ ಕೂತಿರುತ್ತದೆ. ಮೇಲೆ 10 ಮಿಲಿಗ್ರಾಂ ಆಮ್ಲಜನಕ ಇರುವಾಗಲೇ ಎರಡು ಮೀಟರ್ ಕೆಳಗೆ ಸೊನ್ನೆ ಇರಬಹುದು. ತಳದ ಆ ಸೊನ್ನೆಯ ವಿಷಯಕ್ಕೆ ಕೊನೆಯಲ್ಲಿ ಮರಳಿ ಬರುತ್ತೇನೆ, ಕೆರೆಯ ಭವಿಷ್ಯ ಹೆಚ್ಚಾಗಿ ನಿರ್ಧಾರವಾಗುವುದು ಅಲ್ಲೇ.

ಐದು ದಿನ ಕಾಯುವ ಪರೀಕ್ಷೆ

ಕೆರೆಗಳ ಬಗೆಗಿನ ಸುದ್ದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಪದ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ. ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬ ಅಳತೆ ಅದು. ಕೊಳೆಯನ್ನು ನೇರವಾಗಿ ತೂಗುವ ಬದಲು, ಅದನ್ನು ಉಣ್ಣುವವರ ಹಸಿವನ್ನು ಅಳೆಯುತ್ತೇವೆ.

ಬ್ರಿಟನ್ನಿನಲ್ಲಿ ಕೊಳಚೆ ವಿಲೇವಾರಿಗೆಂದು 1898ರಲ್ಲಿ ನೇಮಕವಾದ ರಾಯಲ್ ಕಮಿಷನ್ 1912ರ ತನ್ನ ಎಂಟನೆಯ ವರದಿಯಲ್ಲಿ ಈ ಪರೀಕ್ಷೆಗೆ ಐದು ದಿನದ ಗಡುವು ಇಟ್ಟಿತು. ಅಲ್ಲಿನ ನದಿಗಳ ನೀರು ಐದು ದಿನದೊಳಗೆ ಸಮುದ್ರ ಸೇರುತ್ತದೆ ಎಂಬುದು ಅದಕ್ಕೆ ಕಾರಣ ಎನ್ನುವ ಮಾತಿದೆ. ಗಡುವು ಹಾಗೇ ಉಳಿದು ಜಗತ್ತಿನ ತುಂಬ ಹರಡಿತು: ಬಾಟಲಿಯನ್ನು 20 ಡಿಗ್ರಿಯಲ್ಲಿ, ಕತ್ತಲಲ್ಲಿ, ಐದು ದಿನ ಇಡಬೇಕು. ಮೊದಲ ದಿನದ ಆಮ್ಲಜನಕದಿಂದ ಐದನೆಯ ದಿನದ್ದನ್ನು ಕಳೆದರೆ ಬಿಒಡಿ. ಭಾರತದಲ್ಲಿ ಇದನ್ನೇ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮಾಡುವ ಪದ್ಧತಿಯಿದೆ. ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ ಬೇಗ ಉಣ್ಣುತ್ತವೆ.

ಚೊಕ್ಕ ಹೊಳೆಯ ಬಿಒಡಿ 2, 3 ಮಿಲಿಗ್ರಾಮಿನ ಒಳಗೆ. ಮನೆಗಳಿಂದ ಬರುವ ಹಸಿ ಕೊಳಚೆಯದು 200ರಿಂದ 300. ಬಾಟಲಿಯ ನೀರಿನಲ್ಲಿರುವ ಆಮ್ಲಜನಕವೇ 9 ಮಿಲಿಗ್ರಾಂ ಆಗಿರುವಾಗ 250ರ ಹಸಿವನ್ನು ಅಳೆಯುವುದು ಹೇಗೆ? ಕೊಳಚೆಯನ್ನು ಐವತ್ತು, ನೂರು ಪಟ್ಟು ತೆಳುಮಾಡಿ ಅಳೆದು, ಬಂದ ಉತ್ತರವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತಾರೆ. ಹೆಚ್ಚಿಸುವಾಗ ಸಣ್ಣ ತಪ್ಪುಗಳೂ ಅಷ್ಟೇ ಪಟ್ಟು ಹೆಚ್ಚುತ್ತವೆ. ಹಾಗಾಗಿ ಒಂದು ವರದಿಯಲ್ಲಿ 240, ಇನ್ನೊಂದರಲ್ಲಿ 260 ಕಂಡರೆ ಕೆರೆ ಹದಗೆಟ್ಟಿತು ಎಂದು ಗಾಬರಿಯಾಗಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಹಸಿರು ಕೆರೆಯ ನೀರನ್ನು ಕತ್ತಲಲ್ಲಿ ಐದು ದಿನ ಇಟ್ಟಾಗ ಅದರೊಳಗಿನ ಪಾಚಿಯೂ ಉಸಿರಾಡಿ, ಸತ್ತು, ಕೊಳೆಯುತ್ತದೆ. ಆ ಹಸಿವೂ ಬಿಒಡಿಯ ಲೆಕ್ಕಕ್ಕೇ ಸೇರುತ್ತದೆ. ಅಂದರೆ ಕೆರೆಗೆ ಬರುವ ಕೊಳಚೆಯನ್ನೆಲ್ಲ ತಡೆದ ಮೇಲೂ ಬಿಒಡಿ ಇಳಿಯದಿರಬಹುದು. ಅದನ್ನು ಕಂಡು ‘ಎಲ್ಲೋ ಕೊಳವೆ ಸೋರುತ್ತಿದೆ’ ಎಂದು ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ.

ಐದು ದಿನ ಕಾಯಲಾಗದವರಿಗೆ ಸಿಒಡಿ, ಅಂದರೆ ರಾಸಾಯನಿಕ ಆಮ್ಲಜನಕ ಬೇಡಿಕೆ ಇದೆ. ನೀರನ್ನು ಗಂಧಕಾಮ್ಲ ಮತ್ತು ಪೊಟ್ಯಾಸಿಯಂ ಡೈಕ್ರೋಮೇಟಿನೊಂದಿಗೆ 150 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಬ್ಯಾಕ್ಟೀರಿಯಾ ತಿನ್ನುವಂಥದ್ದು, ತಿನ್ನಲಾಗದ್ದು ಹೆಚ್ಚುಕಡಿಮೆ ಎಲ್ಲವೂ ಸುಟ್ಟುಹೋಗುತ್ತದೆ. ಕಿತ್ತಳೆ ಬಣ್ಣದ ದ್ರಾವಣ ಹಸಿರಿನ ಕಡೆಗೆ ಎಷ್ಟು ತಿರುಗಿತೋ ಅಷ್ಟು ಕೊಳೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದರಲ್ಲಿ ಲಾಭ ಹೆಚ್ಚು. ಮನೆಗಳ ಕೊಳಚೆಯಲ್ಲಿ ಬಿಒಡಿ, ಸಿಒಡಿಯ ಅರ್ಧದಷ್ಟಿರುತ್ತದೆ. ಸಿಒಡಿ ದೊಡ್ಡದಿದ್ದು ಬಿಒಡಿ ಅದರ ಐದರಲ್ಲೊಂದು ಪಾಲೂ ಇಲ್ಲವೆಂದರೆ ಬ್ಯಾಕ್ಟೀರಿಯಾ ಮುಟ್ಟಲಾರದ ಏನೋ ಆ ನೀರಿನಲ್ಲಿದೆ. ಕಾರ್ಖಾನೆಯ ಕಡೆಗೆ ಹೋಗಿ ನೋಡಬೇಕು. ಬ್ಯಾಕ್ಟೀರಿಯಾವನ್ನೇ ಕೊಲ್ಲುವ ವಿಷ ನೀರಿನಲ್ಲಿದ್ದರೆ ಉಣ್ಣುವವರೇ ಇಲ್ಲದೆ ಬಿಒಡಿ ಬಹಳ ಕಡಿಮೆ ಬರುತ್ತದೆ, ನೀರು ಶುದ್ಧವಿದ್ದಂತೆ ತೋರುತ್ತದೆ. ಬಿಒಡಿಯನ್ನು ಒಂಟಿಯಾಗಿ ನಂಬಬಾರದು ಎನ್ನುವುದು ಇದಕ್ಕೇ.

ಮಲದ ಸುಳಿವು ಹಿಡಿಯಲು ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಗುಂಪಿನ ಎಣಿಕೆ. ಕಾಯಿಲೆ ತರುವ ರೋಗಾಣುಗಳನ್ನೆಲ್ಲ ಒಂದೊಂದಾಗಿ ಹುಡುಕುವುದು ಆಗದ ಕೆಲಸ; ಮನುಷ್ಯರ, ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ, ಅದೇ ಗುಂಪಿನ ಇ. ಕೋಲಿ ಸಿಕ್ಕಿತೆಂದರೆ ಮಲ ಸೇರಿದೆ, ರೋಗಾಣುವೂ ಇರಬಹುದು ಎಂದರ್ಥ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2012ರಲ್ಲಿ ಈಜುವ ನೀರಿಗೆ ಕೊಟ್ಟ ಮಾರ್ಗಸೂಚಿಯ ಪ್ರಕಾರ 100 ಮಿಲಿಲೀಟರಿಗೆ ಸರಾಸರಿ 126 ಇ. ಕೋಲಿ ಮೀರಬಾರದು. ಹಸಿ ಕೊಳಚೆಯಲ್ಲಿ ಅಷ್ಟೇ ನೀರಿಗೆ ಲಕ್ಷಗಟ್ಟಲೆ ಇರುತ್ತವೆ. ಆ ಮಲ ಮನುಷ್ಯರದೋ ದನ, ನಾಯಿ, ಹಕ್ಕಿಗಳದೋ ಎಂದು ತಿಳಿಯಲು ಬೇರೆ ಜಾಣ್ಮೆಗಳಿವೆ. ನೀರಿನಲ್ಲಿ ಕೆಫೀನ್ ಅಥವಾ ಸುಕ್ರಲೋಸ್‌ನಂಥ ಕೃತಕ ಸಿಹಿ ಸಿಕ್ಕರೆ ಅದು ಮನೆಗಳ ಚರಂಡಿಯಿಂದಲೇ ಬಂದಿರಬೇಕು. ಹಕ್ಕಿಗಳು ಕಾಫಿ ಕುಡಿಯುವುದಿಲ್ಲ.

ಎಷ್ಟು ಕೊಳಕು ಎನ್ನುವುದರ ಜೊತೆ, ಎಷ್ಟು ನೀರು

ಒಂದು ಕೆರೆಗೆ ಎರಡು ಕಾಲುವೆ ಸೇರುತ್ತವೆ ಎಂದುಕೊಳ್ಳಿ. ಮೊದಲನೆಯದು ಕಪ್ಪಗೆ ನಾರುತ್ತದೆ, ಬಿಒಡಿ 200. ಆದರೆ ಹರಿಯುವುದು ದಿನಕ್ಕೆ ಒಂದು ಲಕ್ಷ ಲೀಟರ್ ಮಾತ್ರ. ಎರಡನೆಯದು ನೋಡಲು ಪರವಾಗಿಲ್ಲ, ಬಿಒಡಿ 30. ಹರಿವು ಇಪ್ಪತ್ತು ಲಕ್ಷ ಲೀಟರ್. ದೂರು ಬರುವುದೆಲ್ಲ ಮೊದಲನೆಯದರ ಮೇಲೆ. ಗುಣಿಸಿ ನೋಡಿದರೆ ಮೊದಲನೆಯದು ದಿನಕ್ಕೆ 20 ಕಿಲೋ ಹೊರೆ ತಂದರೆ, ಎರಡನೆಯದು 60 ಕಿಲೋ ತರುತ್ತದೆ. ಕೆರೆ ಸೋಲುವುದು ಹೊರೆಗೆ, ಮೂಗಿಗೆ ಬಡಿಯುವ ವಾಸನೆಗೆ ಅಲ್ಲ. ಹರಿವನ್ನು ಅಳೆಯದೆ ಬರಿಯ ಸಾಂದ್ರತೆ ಬರೆದುಕೊಂಡ ವರದಿಯಿಟ್ಟುಕೊಂಡು ಹಣ ಎಲ್ಲಿ ಸುರಿಯಬೇಕೆಂದು ನಿರ್ಧರಿಸಿದರೆ ತಪ್ಪು ಕಾಲುವೆಗೆ ಸುರಿದಂತಾಗುತ್ತದೆ. ಹರಿವು ಅಳೆಯುವುದೇನೂ ಬ್ರಹ್ಮವಿದ್ಯೆಯಲ್ಲ: ಕಾಲುವೆಯ ಅಗಲ, ನೀರಿನ ಆಳ, ತೇಲುವ ಮರದ ತುಂಡೊಂದು ಹತ್ತು ಮೀಟರ್ ಸಾಗಲು ಹಿಡಿದ ಸಮಯ, ಇಷ್ಟಿದ್ದರೆ ಅಂದಾಜು ಸಿಗುತ್ತದೆ. ಮೇಲ್ಮೈ ನೀರು ತುಸು ವೇಗವಾಗಿ ಓಡುವುದರಿಂದ ಶೇ. 15ರಷ್ಟು ಕಳೆಯಬೇಕು, ಅಷ್ಟೆ.

ಮಳೆ ನಿಂತು ನಾಲ್ಕು ದಿನ ಕಳೆದ ಮೇಲೂ ಮಳೆನೀರಿನ ಕಾಲುವೆ ಹರಿಯುತ್ತಿದ್ದರೆ ಅದು ಹೆಚ್ಚಾಗಿ ಮಳೆನೀರಾಗಿರುವುದಿಲ್ಲ. ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ವಿದ್ಯುತ್ ವಾಹಕತೆ ಅಳೆಯುವ ಪುಟ್ಟ ಮೀಟರ್ ಸಾಕು. ಕೊಳಚೆಯಲ್ಲಿ ಲವಣ ಹೆಚ್ಚು, ಆದ್ದರಿಂದ ವಾಹಕತೆಯೂ ಹೆಚ್ಚು. ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತ ಐವತ್ತು ಹೆಜ್ಜೆಗೊಮ್ಮೆ ಅದ್ದಿ ನೋಡಿದರೆ, ಎಲ್ಲೋ ಒಂದು ಕಡೆ 700 ಇದ್ದ ಸಂಖ್ಯೆ ಥಟ್ಟನೆ 400ಕ್ಕೆ ಇಳಿಯುತ್ತದೆ. ಆ ಎರಡು ಜಾಗಗಳ ನಡುವೆ ಎಲ್ಲೋ ಒಂದು ಕೊಳವೆ ಕದ್ದು ಸೇರಿದೆ. ಈ ಕೆಲಸ ಮಾಡಿದವರಿಗೆ ಗೊತ್ತು, ಇಂಥ ಒಂದು ಮಧ್ಯಾಹ್ನದ ನಡಿಗೆ ವರ್ಷದ ವರದಿಗಳು ಕೊಡದ ಉತ್ತರವನ್ನು ಕೊಡುತ್ತದೆ.

ಸೆನ್ಸರ್, ಉಪಗ್ರಹ, ಹುಳು

ಈಗ ನೀರಿನಲ್ಲೇ ಬಿಟ್ಟುಬಿಡುವ ಸೆನ್ಸರ್‌ಗಳು ಬಂದಿವೆ. ಆಮ್ಲಜನಕದ ಹೊಸ ಪ್ರೋಬುಗಳಲ್ಲಿ ಒಂದು ಬಣ್ಣದ ಪೊರೆ ಇರುತ್ತದೆ. ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಮಿನುಗುತ್ತದೆ. ಆಮ್ಲಜನಕ ಹೆಚ್ಚಿದ್ದಷ್ಟೂ ಮಿನುಗು ಬೇಗ ಆರುತ್ತದೆ. ಆ ಆರುವ ಸಮಯವೇ ಅಳತೆ. ಇರುಳಿನ ಕತೆ ಹೇಳಬಲ್ಲದ್ದು ಇಂಥ ಉಪಕರಣವೇ, ಅದಕ್ಕೆ ಇದರ ಬೆಲೆ ದೊಡ್ಡದು. ಆದರೆ ಕೊಳಚೆ ನೀರಿನಲ್ಲಿ ಒಂದೇ ವಾರದೊಳಗೆ ಪೊರೆಯ ಮೇಲೆ ಲೋಳೆ ಬೆಳೆಯುತ್ತದೆ. ಲೋಳೆಯೊಳಗಿನ ಬ್ಯಾಕ್ಟೀರಿಯಾ ಅಲ್ಲೇ ಆಮ್ಲಜನಕ ತಿನ್ನುವುದರಿಂದ ರೀಡಿಂಗ್ ನಿಧಾನವಾಗಿ ಇಳಿಯತೊಡಗುತ್ತದೆ. ನೋಡಿದವರಿಗೆ ಕೆರೆಯೇ ಕೆಡುತ್ತಿರುವಂತೆ ಕಾಣುತ್ತದೆ. ಒರೆಸುವ ಮುಂಚೆ ಎಷ್ಟಿತ್ತು, ಒರೆಸಿದ ಮೇಲೆ ಎಷ್ಟಾಯಿತು ಎಂದು ಪ್ರತಿ ಸಲ ಬರೆದಿಡುವ ಶಿಸ್ತು ಇಲ್ಲದ ಕಡೆ ಸೆನ್ಸರಿನ ಮಾಹಿತಿಯನ್ನು ನಾನು ನಂಬುವುದಿಲ್ಲ. ಯಂತ್ರ ಕೊಳ್ಳಲು ಹಣ ತೆಗೆದಿಟ್ಟು, ಅದನ್ನು ತೊಳೆಯುವವರ ಸಂಬಳಕ್ಕೆ ತೆಗೆದಿಡದ ಯೋಜನೆಗಳು ಒಂದು ವರ್ಷದಲ್ಲಿ ಸಾಯುತ್ತವೆ.

ಮೇಲಿನಿಂದ ಉಪಗ್ರಹಗಳೂ ನೋಡುತ್ತಿವೆ. ಯುರೋಪಿನ ಸೆಂಟಿನೆಲ್-2 ಜೋಡಿಯಲ್ಲಿ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿದವು. ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ, ಒಂದು ಚುಕ್ಕಿಗೆ ಹತ್ತು ಮೀಟರ್. ಕೆರೆಯ ಹಸಿರು, ಕೆಸರು, ತೇಲುವ ಕಳೆ ಹಬ್ಬಿದ ರೀತಿ ಇವೆಲ್ಲ ಚೆನ್ನಾಗಿ ಸಿಗುತ್ತವೆ, ಹಳೆಯ ಚಿತ್ರಗಳನ್ನು ತೆಗೆದು ಹಿಂದಿನ ವರ್ಷಗಳನ್ನೂ ನೋಡಬಹುದು. ಬಣ್ಣವಿಲ್ಲದ ಅಮೋನಿಯಾ, ಕೋಲಿಫಾರ್ಮ್, ಸೀಸ ಇವು ಯಾವವೂ ಬಾಹ್ಯಾಕಾಶದಿಂದ ಕಾಣುವುದಿಲ್ಲ. ಮೋಡವಿದ್ದ ದಿನ ಏನೂ ಕಾಣುವುದಿಲ್ಲ, ಕೆರೆಗೆ ಕೊಳೆ ನುಗ್ಗುವುದು ಹೆಚ್ಚಾಗಿ ಅಂಥ ದಿನವೇ.

ಇವೆಲ್ಲಕ್ಕಿಂತ ಹಳೆಯ ಸಾಕ್ಷಿಗಳು ಕೆಸರಿನಲ್ಲಿವೆ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬ ವಿಜ್ಞಾನಿಗಳು 1908, 1909ರಲ್ಲೇ ಯಾವ ಜೀವಿಗಳಿದ್ದರೆ ನೀರು ಎಷ್ಟು ಕೊಳಕು ಎಂಬ ಪಟ್ಟಿ ಮಾಡಿದ್ದರು. ಹೊಳೆಯ ತಳದ ಒಂದು ಹಿಡಿ ಮಣ್ಣನ್ನು ಬಿಳಿ ತಟ್ಟೆಯಲ್ಲಿ ತೊಳೆದು ನೋಡಿದಾಗ ಬರೀ ನೂಲಿನಂಥ ಕೆಂಪು ಹುಳುಗಳು ಮಿಸುಕಾಡುತ್ತಿದ್ದರೆ ಅಲ್ಲಿ ಆಮ್ಲಜನಕ ಬಹುಕಾಲದಿಂದ ಕಡಿಮೆ ಎಂದೇ ಲೆಕ್ಕ. ಅವುಗಳ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್. ಉಸಿರು ಸಿಗದ ಕಡೆ ಇದ್ದಷ್ಟನ್ನೂ ಹಿಡಿದಿಟ್ಟುಕೊಂಡು ಬದುಕುವ ಉಪಾಯ. ಮೇಫ್ಲೈ ಎಂಬ ಕೀಟದ ಮರಿಗಳು ಸಿಕ್ಕವೆಂದರೆ ಕಳೆದ ಕೆಲವು ತಿಂಗಳಲ್ಲಿ ಒಂದು ರಾತ್ರಿಯೂ ನೀರು ಪೂರ್ತಿ ಕೆಟ್ಟಿರಲಾರದು. ಬಾಟಲಿಯ ನೀರು ಒಂದು ಕ್ಷಣವನ್ನು ಹೇಳುತ್ತದೆ, ಹುಳು ಒಂದು ಋತುವನ್ನು ಹೇಳುತ್ತದೆ.

ಸರಾಸರಿಯೊಳಗೆ ಮುಚ್ಚಿಹೋಗುವುದು

ಇಷ್ಟೆಲ್ಲ ಸಂಖ್ಯೆಗಳನ್ನು ಜನರಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆಗೆ 1965ರಲ್ಲಿ ಹಾರ್ಟನ್ ಎಂಬವರು ಸೂಚ್ಯಂಕ ಎಂಬ ಉತ್ತರ ಕೊಟ್ಟರು: ಎಲ್ಲ ಅಳತೆಗಳನ್ನೂ ಕೂಡಿಸಿ ಒಂದೇ ಅಂಕ. ಓದಲು ಸುಲಭ. ತೊಂದರೆಯೆಂದರೆ ಪಿಎಚ್ ಚೆನ್ನಾಗಿದೆ, ಗಡಸುತನ ಚೆನ್ನಾಗಿದೆ, ನೈಟ್ರೇಟ್ ಚೆನ್ನಾಗಿದೆ, ಆಮ್ಲಜನಕ ಮಾತ್ರ ಸೊನ್ನೆ ಎನ್ನುವ ಕೆರೆಗೂ ‘ಸಾಧಾರಣ’ ಎಂಬ ಅಂಕ ಬಂದುಬಿಡಬಹುದು. ಮೀನಿಗೆ ಸರಾಸರಿಯಲ್ಲಿ ಬದುಕಲು ಬರುವುದಿಲ್ಲ. ಯುರೋಪ್ ಒಕ್ಕೂಟದ 2000ದ ಜಲನೀತಿಯಲ್ಲಿ ಇದಕ್ಕೆ ತದ್ವಿರುದ್ಧ ನಿಯಮವಿದೆ: ಎಲ್ಲಕ್ಕಿಂತ ಕೆಟ್ಟ ಅಂಶಕ್ಕೆ ಯಾವ ದರ್ಜೆಯೋ ಇಡೀ ಜಲಮೂಲಕ್ಕೂ ಅದೇ ದರ್ಜೆ. ಕಠಿಣ ಎಂಬ ಟೀಕೆ ಅದಕ್ಕಿದೆ. ನನಗೆ ಅದೇ ಪ್ರಾಮಾಣಿಕ ಅನ್ನಿಸುತ್ತದೆ.

ವರದಿಗಳಲ್ಲಿ ಕಾಣುವ ‘ಪತ್ತೆಯ ಮಿತಿಗಿಂತ ಕಡಿಮೆ’ ಎಂಬ ಮಾತನ್ನೂ ಎಚ್ಚರದಿಂದ ಓದಬೇಕು. ಅದು ಸೊನ್ನೆಯಲ್ಲ. ಆ ಯಂತ್ರದ ಕಣ್ಣಿಗೆ ಬೀಳಲಿಲ್ಲ ಎಂದಷ್ಟೇ. ಮಿತಿ ಎಷ್ಟು ಎಂದು ಬರೆದಿರದಿದ್ದರೆ ಕೇಳಿ ತಿಳಿದುಕೊಳ್ಳಬೇಕು. ಯಂತ್ರದ ಮಿತಿಯೇ ಸುರಕ್ಷತೆಯ ಮಿತಿಗಿಂತ ಮೇಲಿದ್ದರೆ ಆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ.

ಬಿಳಿ ತಟ್ಟೆ ಮತ್ತು ಎರಡು ಸರೋವರ

1855ರ ಜುಲೈನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಹಬೆದೋಣಿಯಲ್ಲಿ ಹೋಗುತ್ತಿದ್ದಾಗ ಬಿಳಿ ಕಾರ್ಡುಗಳನ್ನು ಹರಿದು, ಬೇಗ ಮುಳುಗಲೆಂದು ಒದ್ದೆ ಮಾಡಿ, ದೋಣಿ ನಿಂತ ಕಡೆಯೆಲ್ಲ ನೀರಿಗೆ ಬಿಟ್ಟರು. ಒಳ್ಳೆಯ ಬಿಸಿಲಿತ್ತು. ಆದರೂ ಒಂದು ಇಂಚು ಮುಳುಗುವಷ್ಟರಲ್ಲಿ ಚೂರುಗಳು ಕಾಣದಾದವು. ಅದನ್ನವರು ಪತ್ರಿಕೆಗೆ ಬರೆದರು. ಮೂರು ವರ್ಷದ ನಂತರ, 1858ರ ಬೇಸಿಗೆಯಲ್ಲಿ, ಅದೇ ನದಿಯ ದುರ್ನಾತ ಪಾರ್ಲಿಮೆಂಟನ್ನೇ ಕಂಗೆಡಿಸಿತು. ಲಂಡನ್ನಿನ ದೊಡ್ಡ ಒಳಚರಂಡಿ ಜಾಲಕ್ಕೆ ಹಣ ಮಂಜೂರಾದದ್ದು ಆಗ. 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಆಂಜೆಲೊ ಸೆಕ್ಕಿ ಮೆಡಿಟರೇನಿಯನ್ ಸಮುದ್ರದಲ್ಲಿ ಬಿಳಿ ತಟ್ಟೆಗಳನ್ನು ಇಳಿಬಿಟ್ಟು ಅವು ಕಣ್ಮರೆಯಾಗುವ ಆಳವನ್ನು ಕ್ರಮಬದ್ಧವಾಗಿ ಅಳೆದರು. ಇಂದಿಗೂ ಆ ತಟ್ಟೆಯ ಹೆಸರು ಸೆಕ್ಕಿ ತಟ್ಟೆ. 20 ಸೆಂಟಿಮೀಟರ್ ಅಗಲದ, ಕಪ್ಪು ಬಿಳಿ ಬಣ್ಣ ಬಳಿದ ಒಂದು ಬಿಲ್ಲೆ, ಗುರುತು ಹಾಕಿದ ಹಗ್ಗ, ಬೇರೇನೂ ಬೇಡ.

ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರ ಕೊಳಚೆಯಿಂದ ಹಸಿರುಗಟ್ಟಿದಾಗ, 1960ರ ದಶಕದ ಆರಂಭದಲ್ಲಿ ಆ ತಟ್ಟೆ ಒಂದು ಮೀಟರಿನ ಸುಮಾರಿಗೆ ಕಣ್ಮರೆಯಾಗುತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡಬ್ಲ್ಯೂ. ಟಿ. ಎಡ್ಮಂಡ್ಸನ್ ಮತ್ತು ಸಂಗಡಿಗರು ವರ್ಷಗಟ್ಟಲೆ ರಂಜಕ (ಫಾಸ್ಫರಸ್), ಪಾಚಿ, ಪಾರದರ್ಶಕತೆಗಳನ್ನು ಅಳೆಯುತ್ತ ಬಂದಿದ್ದರು. ಪಾಚಿ ಬೆಳೆಸುತ್ತಿರುವುದು ಕೊಳಚೆಯ ರಂಜಕ ಎಂಬುದು ಆ ಅಳತೆಗಳಲ್ಲಿ ಕಂಡಿತು. 1963ರಿಂದ 1968ರವರೆಗೆ ಹಂತಹಂತವಾಗಿ ಕೊಳಚೆಯನ್ನು ಸರೋವರದಿಂದ ಬೇರೆಡೆಗೆ ತಿರುಗಿಸಿದರು. 1970ರ ದಶಕದ ಆರಂಭಕ್ಕೆ ತಟ್ಟೆ ಮೂರು ಮೀಟರ್ ಆಳದಲ್ಲೂ ಕಾಣತೊಡಗಿತು.

ಸ್ವೀಡನ್ನಿನ ವೆಕ್ಶೋ ಪಟ್ಟಣದ ಟ್ರುಮ್ಮೆನ್ ಸರೋವರದಲ್ಲೂ 1950ರ ದಶಕದ ಕೊನೆಯಲ್ಲಿ ಕೊಳಚೆ ಬರುವುದನ್ನು ನಿಲ್ಲಿಸಿದರು. ಹತ್ತು ವರ್ಷ ಕಳೆದರೂ ನೀರು ಹಾಗೇ ಹಸಿರು. ವಾಷಿಂಗ್ಟನ್ ಸರೋವರಕ್ಕೆ 60 ಮೀಟರಿಗೂ ಹೆಚ್ಚಿನ ಆಳವಿದೆ, ಟ್ರುಮ್ಮೆನ್ನಿಗಿದ್ದದ್ದು ಎರಡು ಮೀಟರಿನ ಆಸುಪಾಸು. ನಗರಗಳ ನಡುವಿನ ಹೆಚ್ಚಿನ ಕೆರೆಗಳ ಹಾಗೆ. ತಳದ ಹೂಳಿನಲ್ಲಿ ರಂಜಕ ಕಬ್ಬಿಣದ ಜೊತೆ ಕಟ್ಟಿಹಾಕಿಕೊಂಡು ಕೂತಿರುತ್ತದೆ. ಅಲ್ಲಿ ಆಮ್ಲಜನಕ ಸೊನ್ನೆಯಾದಾಗ ಆ ಕಟ್ಟು ಬಿಚ್ಚುತ್ತದೆ, ರಂಜಕ ಮೇಲಿನ ನೀರಿಗೆ ಬರುತ್ತದೆ, ಪಾಚಿ ಬೆಳೆಯುತ್ತದೆ, ಸತ್ತು ತಳಕ್ಕೆ ಬಿದ್ದು ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ತಿನ್ನುತ್ತದೆ. ಹೊರಗಿನಿಂದ ಏನೂ ಬರದಿದ್ದರೂ ಒಳಗಿನ ಚಕ್ರ ತಾನೇ ತಿರುಗುತ್ತಿರುತ್ತದೆ. ಲುಂಡ್ ವಿಶ್ವವಿದ್ಯಾಲಯದ ಸ್ವೆನ್ ಬ್ಯೋರ್ಕ್ ತಂಡದವರು ಹೂಳನ್ನು ಪದರಪದರವಾಗಿ ತೆಗೆದು ಪರೀಕ್ಷಿಸಿದಾಗ, ಮೇಲಿನ ಕಪ್ಪು ಪದರ ಕೊಳಚೆಯ ಕಾಲದ್ದೆಂದೂ ಅದರ ಕೆಳಗಿನದು ಹಳೆಯ, ರಂಜಕ ಬಿಟ್ಟುಕೊಡದ ಹೂಳೆಂದೂ ಗೊತ್ತಾಯಿತು. 1970 ಮತ್ತು 1971ರ ಬೇಸಿಗೆಗಳಲ್ಲಿ ಸುಮಾರು ಒಂದು ಮೀಟರಿನಷ್ಟು ಹೂಳನ್ನು ಹೀರಿ ತೆಗೆದರು. ಅದಾದ ಮೇಲೆ ಟ್ರುಮ್ಮೆನ್ನಿನ ಪಾಚಿ ಇಳಿಯಿತು, ನೀರು ತಿಳಿಯಾಯಿತು.